ದುರಸ್ತಿಗೂ ದತ್ತಿ ಬಿಟ್ಟಿದ್ದ ಗುಡಿಗಳು

ಗಳಗನಾಥದ ಗಳಗೇಶ್ವರ ಗುಡಿಗೆ ಹೋದವರು ಕೈಮುಗಿದು ಹಾಗೇ ಹಿಂತಿರುಗಬಾರದು. ಒಂದು ಸುತ್ತು ಹಾಕಿ ಹಿಂಬದಿಗೆ ಬರಬೇಕು. ಮುಂದಿನಿಂದ ನೋಡಿದರೆ ಅದು ಹಾವೇರಿ ಸೀಮೆಯ ಇನ್ನೊಂದು ಕಲ್ಯಾಣ ಚಾಲುಕ್ಯರ ಗುಡಿ, ಅಷ್ಟೆ. ಕರಿಕಲ್ಲು, ತಿರುಗಣೆ ಕಂಬ, ಬೇಸಿಗೆಯಲ್ಲೂ ತಣ್ಣಗಿರುವ ನೆಲ. ಹಿಂದೆ ಬಂದರೆ ಲೆಕ್ಕ ತಪ್ಪುತ್ತದೆ. ಗರ್ಭಗುಡಿಯ ನೆಟ್ಟನೆ ಗೋಡೆ ಇರಬೇಕಾದ ಜಾಗದಲ್ಲಿ, ಹಂತಹಂತವಾಗಿ ಒಳಕ್ಕೆ ಸರಿಯುತ್ತ ಮೇಲೇರುವ ಕಲ್ಲುಗಟ್ಟಡವೊಂದು ಕೂತಿದೆ. ನೋಡಿದವರೆಲ್ಲ ಪಿರಮಿಡ್ಡು ಎನ್ನುತ್ತಾರೆ. ಅದರ ನೆತ್ತಿಯ ಮೇಲಿಂದ ಶಿಖರ ಶುರುವಾಗುತ್ತದೆ. ಈ ಭಾಗದ ಬೇರೆ ಯಾವ ಗುಡಿಯಲ್ಲೂ ಇಂಥದ್ದನ್ನು ಕಾಣೆವು.

ಗುಡಿಯ ಕಾಲ ಸುಮಾರು 1080 ಎನ್ನುತ್ತಾರೆ. ಆರನೆಯ ವಿಕ್ರಮಾದಿತ್ಯ ಪಟ್ಟಕ್ಕೆ ಬಂದು ನಾಲ್ಕೈದು ವರ್ಷವಾಗಿತ್ತು. ಸ್ಥಳವೋ ವರದಾ ನದಿ ತುಂಗಭದ್ರೆಯನ್ನು ಕೂಡುವ ಸಂಗಮ; ಹೊಳೆಯ ದಂಡೆ, ಮಳೆಗೆ ಉಬ್ಬಿ ಬಿಸಿಲಿಗೆ ಬಿರುಕು ಬಿಡುವ ನೆಲ. ಇಂಥ ನೆಲದ ಮೇಲೆ ನೂರಾರು ಟನ್ ಕಲ್ಲು ಪೇರಿಸಿದ ಮೇಲೆ ಬುಡ ಒಂದಿಷ್ಟಾದರೂ ಅಲುಗದೇ ಇರುತ್ತದೆಯೆ? ಅಷ್ಟು ನಯವಾಗಿ ಶಿಖರ ಕಡೆದ ಶಿಲ್ಪಿ, ಅದರ ಕೆಳಗೆ ಇಷ್ಟು ಸಾದಾ ಕಲ್ಲನ್ನು ಮೊದಲೇ ಯೋಚಿಸಿ ಪೇರಿಸಿದ ಎಂದು ನಂಬಲು ನನಗೆ ಕಷ್ಟ. ಗೋಡೆ ಹೊರಕ್ಕೆ ಬಾಗತೊಡಗಿದಾಗ ಕೊಟ್ಟ ಆನಿಕೆ ಅದು ಅನ್ನಿಸುತ್ತದೆ. ಮೊದಲಿನಿಂದ ಹೀಗೇ ಇತ್ತು ಎಂದು ವಾದಿಸಲಿಕ್ಕೂ ಬರುತ್ತದೆ, ವಾದಿಸುವವರು ವಾದಿಸಲಿ. ಆನಿಕೆಯೇ ಆಗಿದ್ದರೆ ನಮ್ಮ ಸೀಮೆಯ ಅತ್ಯಂತ ಚೆಂದದ ದುರಸ್ತಿ ಕೆಲಸ ಅದೇ. ಮುಚ್ಚಿಡಲಿಲ್ಲ, ಅಲಂಕಾರ ಹಚ್ಚಿ ಹಳೆಯದೆಂದು ತೋರಿಸಲೂ ಹೋಗಲಿಲ್ಲ. ಬೀಳುವುದನ್ನು ಹಿಡಿದು ನಿಲ್ಲಿಸಿದರು.

ಗುಡಿಯ ಚರಿತ್ರೆ ಬರೆಯುವಾಗ ನಾವು ಕಟ್ಟಿಸಿದ ಅರಸನ ಹೆಸರು ಹುಡುಕುತ್ತೇವೆ, ಕೆಡವಿದವನ ಹೆಸರು ಹುಡುಕುತ್ತೇವೆ. ನಡುವಿನ ಎಂಟು ನೂರು, ಒಂಬೈನೂರು ವರ್ಷ ಅದನ್ನು ಎತ್ತಿ ಹಿಡಿದವರು ಯಾರು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುವುದು ಕಡಿಮೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಗುಡಿಗಳು ಆ ಪ್ರಶ್ನೆಗೆ ಒಳ್ಳೆಯ ಪಾಠ. ಬ್ಯಾಡಗಿ ಎಂದರೆ ಮೆಣಸಿನಕಾಯಿ, ರಾಣೆಬೆನ್ನೂರು ಎಂದರೆ ಬೀಜ ಮತ್ತು ಕೃಷ್ಣಮೃಗ, ಹಾವೇರಿ ಎಂದರೆ ಏಲಕ್ಕಿ ಹಾರ ಎಂದು ಬಾಯಿಪಾಠ ಮಾಡಿಕೊಂಡ ನಮಗೆ, ಹೈವೇ ಬಿಟ್ಟು ಹೊಳೆಯ ಕಡೆ ಹೊರಳಿದರೆ ಹಳ್ಳಿಗೊಂದು ಹಳೆಗಾಲದ ಕಲ್ಲುಗುಡಿ ಇದೆ ಎನ್ನುವುದೇ ಮರೆತಿದೆ.

ಕಲ್ಲು ಬದಲಾಯಿತು, ಕೈ ಬದಲಾಯಿತು

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳು ಕೆಂಪು ಮರಳುಗಲ್ಲಿನವು. ದೊಡ್ಡ ದೊಡ್ಡ ಬಂಡೆ, ದೊಡ್ಡ ದೊಡ್ಡ ರೂಪ. ಹನ್ನೊಂದನೆಯ ಶತಮಾನದಲ್ಲಿ ಕೆಲಸ ದಕ್ಷಿಣಕ್ಕೆ, ಧಾರವಾಡ ಸೀಮೆಗೆ ಸರಿದಾಗ ಶಿಲ್ಪಿಗಳ ಕೈಗೆ ಸಿಕ್ಕಿದ್ದು ಇಲ್ಲಿನ ಬಳಪದ ಕಲ್ಲು. ಅಣ್ಣಿಗೇರಿಯ ಅಮೃತೇಶ್ವರ ಗುಡಿ, 1050ರದ್ದು, ಈ ಕಲ್ಲಿನಲ್ಲಿ ಕಟ್ಟಿದವುಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಉಳಿಗೆ ಒಲಿಯುತ್ತದೆ; ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ತಿರುಗಣೆಗೆ ಕೊಟ್ಟು ಕಂಬವನ್ನು ದುಂಡಗೆ ಮಾಡಬಹುದು. ಕಂಬದ ನುಣುಪಿನಲ್ಲಿ ಮುಖ ಕಾಣುವುದು ಇದರಿಂದಲೇ. ಗೋಡೆಯ ಮೇಲೆ ಪುಟ್ಟಪುಟ್ಟ ಶಿಖರಗಳನ್ನು, ಒಂದು ಗುಡಿಯ ಮೈಮೇಲೆ ಹತ್ತಾರು ಗುಡಿಗಳನ್ನು ಕಡೆದು ನಿಲ್ಲಿಸುವ ಕಲೆ ಇಲ್ಲಿ ಬೆಳೆಯಿತು. ಆಡಮ್ ಹಾರ್ಡಿ ಎಂಬ ಇಂಗ್ಲಿಷ್ ವಿದ್ವಾಂಸರು ಈ ಬೆಳವಣಿಗೆಗೆ ಕರ್ಣಾಟ ದ್ರಾವಿಡ ಎಂದು ಹೆಸರಿಟ್ಟು, ಏಳನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಒಂದೊಂದೇ ಗುಡಿಯ ಗೋಡೆ ಹಿಡಿದು ಬರೆದಿದ್ದಾರೆ.

ಹಾವೇರಿಯ ಪುರದ ಸಿದ್ಧೇಶ್ವರ ಗುಡಿಯ ಗೋಡೆ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲೂ ಒಂದು ವಿಚಿತ್ರ ಇದೆ. ಚಾಲುಕ್ಯರ ಗುಡಿ ಸಾಮಾನ್ಯವಾಗಿ ಮೂಡಲಿಗೆ ಮುಖ ಮಾಡುತ್ತದೆ, ಇದು ಪಡುವಲಿಗೆ. ಇಂದು ಇಲ್ಲಿ ಶಿವನಿದ್ದಾನೆ, ಆದರೆ ಮೊದಲು ಯಾವ ದೇವರಿಗೆ ಕಟ್ಟಿದ್ದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗೋಡೆಯ ಮೂರ್ತಿಗಳು ಎಷ್ಟೋ ಮುಕ್ಕಾಗಿವೆ. ದೇವರು ಬದಲಾದರೂ ಗುಡಿ ಉಳಿಯಿತು ಎನ್ನಬೇಕೋ, ದೇವರು ಬದಲಾದದ್ದರಿಂದಲೇ ಉಳಿಯಿತು ಎನ್ನಬೇಕೋ! ಪೂಜೆ ನಿಂತ ಗುಡಿಯ ಮಾಳಿಗೆ ಹತ್ತುವವರು ಇರುವುದಿಲ್ಲ.

ಇಂಥ ಬದಲಾವಣೆ ಎಲ್ಲ ಕಡೆ ಸೌಮ್ಯವಾಗಿ ಆದದ್ದಲ್ಲ. ಹಿರೇಕೆರೂರು ಕಡೆಯ ಅಬಲೂರಿನ ಶಾಸನ ಏಕಾಂತದ ರಾಮಯ್ಯನ ಕತೆ ಹೇಳುತ್ತದೆ. ಜೈನರೊಂದಿಗೆ ಪಂಥ ಕಟ್ಟಿ, ತನ್ನ ತಲೆಯನ್ನು ತಾನೇ ಕಡಿದುಕೊಂಡು ಮರಳಿ ಪಡೆದು, ಜಿನಬಿಂಬ ಒಡೆದು ಶಿವನ ಗುಡಿ ನಿಲ್ಲಿಸಿದ ಎಂಬುದು ಅದರ ಸಾರ. ಊರಿನ ಸೋಮೇಶ್ವರ ಗುಡಿಯ ಗೋಡೆಯಲ್ಲಿ ಈ ಘಟನೆಯ ಶಿಲ್ಪಗಳಿವೆ. ಹನ್ನೆರಡನೆಯ ಶತಮಾನದ ಕನ್ನಡ ನಾಡನ್ನು ವಚನಗಳ ಬೆಳಕಿನಲ್ಲಷ್ಟೇ ನೋಡುವವರು ಅಬಲೂರಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಚೌಡಯ್ಯದಾನಪುರದ ಜಮಾ–ಖರ್ಚು

ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆಯ ಸಣ್ಣ ಹಳ್ಳಿ. ವಚನಕಾರ ಅಂಬಿಗರ ಚೌಡಯ್ಯನ ಗದ್ದುಗೆ ಹೊಳೆಯ ಬದಿಗಿದೆ. ಗುತ್ತರ ಅರಸನಿಂದ ದಾನವಾಗಿ ಬಂದ ಊರನ್ನು ಚೌಡಯ್ಯ ತನ್ನಲ್ಲಿಟ್ಟುಕೊಳ್ಳದೆ ಗುರು ಶಿವದೇವರಿಗೆ ದಾನ ಕೊಟ್ಟ ಎಂಬುದು ಜನರ ನಂಬಿಕೆ. ಗುತ್ತರು ಎಂದರೆ ಹತ್ತಿರದ ಗುತ್ತಲದಿಂದ ಆಳಿದ ಸಾಮಂತರು. ತಮ್ಮ ವಂಶವನ್ನು ಉಜ್ಜಯಿನಿಯ ಚಂದ್ರಗುಪ್ತ ವಿಕ್ರಮಾದಿತ್ಯನವರೆಗೆ ಒಯ್ದವರು. ಸಣ್ಣ ಅರಸರಿಗೆ ದೊಡ್ಡ ವಂಶಾವಳಿ ಬೇಕಾಗುವುದು ಎಲ್ಲ ಕಾಲಕ್ಕೂ ಇದ್ದದ್ದೇ.

ಇಲ್ಲಿನ ಮುಕ್ತೇಶ್ವರ ಗುಡಿ ಒಂದೇ ಗರ್ಭಗುಡಿಯದು, ಗಾತ್ರದಲ್ಲಿ ದೊಡ್ಡದಲ್ಲ. ಆದರೆ ಅಳತೆ ಎಷ್ಟು ಸರಿಯಾಗಿ ಕೂತಿದೆಯೆಂದರೆ ಬಾಗಿಲಿಂದ ಶಿಖರದ ತುದಿಯವರೆಗೆ ಕಣ್ಣು ಎಲ್ಲೂ ಎಡವುವುದಿಲ್ಲ. ಹಾಂಗಲ್ಲಿನ ತಾರಕೇಶ್ವರದ ದೊಡ್ಡ ಕಮಲದ ಛತ್ತು ನೋಡಿ ಬಾಯಿ ತೆರೆದವರಿಗೆ ಇದು ಸಾದಾ ಅನ್ನಿಸಬಹುದು. ನನ್ನನ್ನು ಕೇಳಿದರೆ ಈ ಸೀಮೆಯಲ್ಲಿ ಒಂದೇ ಗುಡಿ ನೋಡಲು ಸಮಯ ಇರುವವರನ್ನು ನಾನು ಇಲ್ಲಿಗೇ ಕಳಿಸುತ್ತೇನೆ.

ಗುಡಿಯಷ್ಟೇ ಮುಖ್ಯವಾದವು ಆವರಣದ ಶಾಸನಗಳು. ಆಳೆತ್ತರ ಮೀರಿದ ಕಲ್ಲುಗಳು, ಸಾಲು ತಪ್ಪದ ಅಕ್ಷರ, ಒಟ್ಟು ಏಳು ದೊಡ್ಡ ಶಾಸನ. ಕನ್ನಡ ನಾಡಿನವರೇ ಆದ ಶಾಸನತಜ್ಞೆ ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ, ಸಂಸ್ಕೃತ ವಿದ್ವಾಂಸ ಪಿಯರ್ ಸಿಲ್ವಾ ಫಿಲಿಯೋಜಾ ಸೇರಿ ಈ ಗುಡಿಯ ಕಲ್ಲು, ಶಾಸನ, ಪೂಜೆ ಮೂರನ್ನೂ ಒಟ್ಟಿಗೆ ಓದಿ 1995ರಲ್ಲಿ ಒಂದು ಪುಸ್ತಕ ತಂದರು. ಒಂದು ಹಳ್ಳಿಯ ಒಂದು ಗುಡಿಗೆ ಒಂದು ಇಡೀ ಪುಸ್ತಕ! ನಮ್ಮ ಎಷ್ಟು ತಾಲ್ಲೂಕುಗಳಿಗೆ ಆ ಭಾಗ್ಯ ಇದೆ?

ಶಾಸನಗಳು ಹೇಳುವುದು ಒಂದೇ ದಿನದ ಕತೆಯಲ್ಲ. ಮೊದಲು ಲಾಕುಲ ಶೈವರ ಗುರು ಮುಕ್ತಜೀಯರು ಬರುತ್ತಾರೆ. ಆಮೇಲೆ ವೀರಶೈವ ಸಂತ ಶಿವದೇವರು. ಅವರು ಈ ಕ್ಷೇತ್ರಕ್ಕೆ ಕಾಲಿಟ್ಟ ದಿನ ಕೂಡ ಕಲ್ಲಿನಲ್ಲಿದೆ; ಇಂದಿನ ಲೆಕ್ಕದಲ್ಲಿ 1225ರ ಆಗಸ್ಟ್ 19. ಬಂದವರು ಹಿಂತಿರುಗಲಿಲ್ಲ, ಇಲ್ಲೇ ತಪಸ್ಸಿನಲ್ಲಿ ಬಹುಕಾಲ ಬದುಕಿದರು. ಈ ನಡುವೆ ಆವರಣದಲ್ಲಿ ಹೊಸ ಕಟ್ಟಡಗಳು ಎದ್ದವು, ಹೊಸ ದತ್ತಿಗಳು ಬಂದವು. ದಂತಕತೆಯ ಶಿಲ್ಪಿ ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಿದ ಎನ್ನುವ ಕತೆ ಈ ಸೀಮೆಯ ಪ್ರತಿ ಗುಡಿಗೂ ಇದೆ. ಕಲ್ಲು ಮಾತ್ರ ಬೇರೆ ಹೇಳುತ್ತದೆ: ಗುಡಿಯನ್ನು ತಲೆಮಾರುಗಳು ಕಟ್ಟುತ್ತಲೇ ಇದ್ದವು.

ಕಲ್ಯಾಣ ಚಾಲುಕ್ಯರ ಕಾಲದ ದತ್ತಿ ಶಾಸನಗಳನ್ನು ಒಂದಷ್ಟು ಓದಿದವರಿಗೆ ಅವುಗಳ ಕ್ರಮ ರೂಢಿಯಾಗಿಬಿಡುತ್ತದೆ. ಅರಸನ ಬಿರುದು, ಸಾಮಂತನ ಬಿರುದು, ಊರಿನ ವರ್ಣನೆ, ಆಚಾರ್ಯನ ಕಾಲು ತೊಳೆದು ಧಾರೆ ಎರೆದ ದಿನ, ತಿಥಿ, ಗ್ರಹಣವೋ ಸಂಕ್ರಮಣವೋ. ಆಮೇಲೆ ಕೆಲಸದ ಭಾಗ. ಇಷ್ಟು ಮತ್ತರು ಹೊಲ, ಇಷ್ಟು ಕಮ್ಮ ತೋಟ, ಗಾಣಕ್ಕೆ ಇಷ್ಟು ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ. ಇದೆಲ್ಲ ಯಾತಕ್ಕೆ ಎಂದರೆ ದೇವರ ಅಂಗಭೋಗ, ರಂಗಭೋಗಕ್ಕೆ, ನಂದಾದೀವಿಗೆಗೆ, ತಪೋಧನರ ಊಟಕ್ಕೆ, ಓದಿಸುವುದಕ್ಕೆ, ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಪಡಿಸಲು.

ಗಮನಿಸಬೇಕಾದ್ದು ಇದೇ. ಗುಡಿ ಹೊಸದಾಗಿ ಎದ್ದು ಕಳಸ ಏರಿದ ಹೊತ್ತಿಗೇ ಬರೆಸಿದ ದತ್ತಿಯಲ್ಲೂ ಈ ಬಾಬತ್ತು ಇರುತ್ತದೆ. ಇನ್ನೂ ಒಂದು ಮಳೆಗಾಲ ಕಾಣದ ಮಾಳಿಗೆ ಮುಂದೆಂದೋ ಸೋರುತ್ತದೆ ಎಂದು ಕಟ್ಟಿಸಿದವರಿಗೆ ಗೊತ್ತಿತ್ತು. ಆ ಸೋರಿಕೆಗೆ ಅಂದೇ ಹೊಲ ಬಿಟ್ಟರು. ಹಣವೂ ಒಂದೇ ಸಲದ ಗಂಟಲ್ಲ. ಹೊಲದ ಫಸಲು, ಗಾಣದ ಎಣ್ಣೆ. ವರ್ಷವರ್ಷ, ವಾರವಾರ ಸ್ವಲ್ಪಸ್ವಲ್ಪ ಬರುವಂಥದ್ದು. ಪೂಜೆಯ ಹಾಗೆಯೇ ದುರಸ್ತಿಯೂ ನಿತ್ಯದ ಕೆಲಸ ಎಂಬ ಲೆಕ್ಕ ಅದು.

ಆ ಹೊಲ ಏನಾಯಿತು ಎನ್ನುವುದು ಉದ್ದ ಕತೆ. ರಾಜ್ಯಗಳು ಬಿದ್ದವು. ಬಂಕಾಪುರದಂಥ ಕಡೆ ಗುಡಿ ಕೋಟೆಯೊಳಗೆ ಸಿಕ್ಕಿ ಶಿಖರ ಕಳೆದುಕೊಂಡಿತು. ಅಲ್ಲಿನ ನಗರೇಶ್ವರವನ್ನು ಜನ ಇಂದಿಗೂ ಅರವತ್ತು ಕಂಬದ ಗುಡಿ ಎನ್ನುತ್ತಾರೆ, ಎಣಿಸಿದರೆ ಅರವತ್ತಕ್ಕಿಂತ ಹೆಚ್ಚಿವೆ. ಬ್ರಿಟಿಷರ ಮುಂಬೈ ಸರ್ಕಾರ 1852ರಲ್ಲಿ ಇನಾಂ ಕಮಿಷನ್ ನೇಮಿಸಿ ಯಾರ ಇನಾಮಿಗೆ ಯಾವ ಕಾಗದ ಇದೆ ಎಂದು ಕೇಳಿತು. ಕಲ್ಲಿನ ಮೇಲೆ ಬರೆದದ್ದನ್ನು ಆ ಹೊತ್ತಿಗೆ ಓದಬಲ್ಲವರು ಊರಿನಲ್ಲಿ ಎಷ್ಟು ಜನ ಇದ್ದರು? ಕೊನೆಗೆ 1974ರ ಭೂಸುಧಾರಣೆ ಬಂತು, ಗುಡಿಯ ಹೊಲವನ್ನು ಗೇಣಿಗೆ ಉಳುತ್ತಿದ್ದವನೇ ಒಡೆಯನಾದ. ಅದು ನ್ಯಾಯ, ತಲೆಮಾರುಗಳಿಂದ ಬೆವರು ಸುರಿಸಿದವನಿಗೆ ಸಿಗಬೇಕಾದದ್ದು ಸಿಕ್ಕಿತು. ಆದರೆ ಆ ಹೊಲದ ಮೇಲಿದ್ದ ದುರಸ್ತಿಯ ಹೊಣೆ ಯಾರ ತಲೆಗೆ ಎಂದು ಯಾರೂ ಬರೆದಿಡಲಿಲ್ಲ. ಪೂಜೆಗೆ ತಸ್ತೀಕು ಎಂದು ಒಂದಿಷ್ಟು ಹಣ ಬಂತು. ಮಾಳಿಗೆಗೆ ಏನೂ ಬರಲಿಲ್ಲ.

ಗೋಡೆ ಹೊಟ್ಟೆ ಬಿಡುವುದು

ಹೊರಗಿನಿಂದ ಅಖಂಡ ಕಲ್ಲಿನ ಹಾಗೆ ಕಾಣುವ ಈ ಗುಡಿಗಳ ಗೋಡೆ ಒಳಗೆ ಅಖಂಡವಲ್ಲ. ಹೊರಗೊಂದು ಸಾಲು ಕೆತ್ತಿದ ಕಲ್ಲು, ಒಳಗೊಂದು ಸಾಲು ನುಣುಪು ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣಿನ ತುಂಬು. ಕಲ್ಲಿಗೂ ಕಲ್ಲಿಗೂ ಗಾರೆ ಇಲ್ಲ. ಭಾರಕ್ಕೆ ಭಾರ ಕೂತು ನಿಂತದ್ದು. ಮಾಳಿಗೆಯ ಚಪ್ಪಡಿಗಳ ಮೇಲೆ ನೀರು ಇಳಿಯದ ಹಾಗೆ ಇಟ್ಟಿಗೆ, ಸುಣ್ಣದ ಹಾಸು. ಈ ಹಾಸು ಬಿರುಕು ಬಿಡುವವರೆಗೆ ಗುಡಿಗೆ ಸಾವಿಲ್ಲ.

ಬಿರುಕು ಬಿಟ್ಟ ಮೇಲೆ ಮೊದಲು ಬರುವುದು ಹಕ್ಕಿ. ಅರಳಿಯ ಬೀಜವೋ ಅತ್ತಿಯ ಬೀಜವೋ ಸಂದಿಗೆ ಬೀಳುತ್ತದೆ. ಗೇಣುದ್ದದ ಸಸಿಯನ್ನು ಕಿತ್ತು ಒಗೆಯಲು ಎರಡು ಬೆರಳು ಸಾಕು; ನಾಲ್ಕು ವರ್ಷ ಬಿಟ್ಟರೆ ಬೇರು ಗೋಡೆಯೊಳಗೆ ಇಳಿದಿರುತ್ತದೆ, ಆಗ ಕಿತ್ತರೆ ಕಲ್ಲೇ ಬರುತ್ತದೆ. ಬೇರಿನ ದಾರಿಯಲ್ಲಿ ನೀರು ಇಳಿಯುತ್ತದೆ. ನಡುವಿನ ತುಂಬು ನೆನೆದು ಕೆಳಗೆ ಕೂರುತ್ತದೆ, ಹೊರಸಾಲನ್ನು ಆಚೆ ತಳ್ಳುತ್ತದೆ. ಗೋಡೆ ಹೊಟ್ಟೆ ಬಿಡುವುದು ಎಂದರೆ ಇದೇ. ಒಂದು ಮಳೆಗಾಲದಲ್ಲಿ ಅದು ಬೀಳುವುದಿಲ್ಲ. ಐವತ್ತು ವರ್ಷ ಬಾಗಿ, ಒಂದು ರಾತ್ರಿ ಬೀಳುತ್ತದೆ. ಬೆಳಿಗ್ಗೆ ಊರವರು ಆ ರಾತ್ರಿಯ ಮಳೆಗೆ ಬಯ್ಯುತ್ತಾರೆ.

ಹೀಗಾದ ಗುಡಿಯನ್ನು ಸರಿಪಡಿಸುವ ಒಂದು ದಾರಿ ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು. ಹೇಳಲು ಸುಲಭ, ಮಾಡಲು ಮಹಾ ತಾಳ್ಮೆಯ ಕೆಲಸ. ಮೊದಲು ಪ್ರತಿ ಗೋಡೆಯ ನಕ್ಷೆ ಬರೆದು, ಫೋಟೊ ತೆಗೆದು, ಪ್ರತಿ ಕಲ್ಲಿಗೂ ಸಾಲಿನ ಗುರುತು, ಸಂಖ್ಯೆ ಕೊಡುತ್ತಾರೆ. ಶಿಖರದ ತುದಿಯಿಂದ ಬಿಚ್ಚುತ್ತ ಬಂದು ಕಲ್ಲುಗಳನ್ನು ಬಯಲಿನಲ್ಲಿ ಅದೇ ಕ್ರಮದಲ್ಲಿ ಹಾಸುತ್ತಾರೆ. ಬುಡ ಅಗೆದು ಗಟ್ಟಿ ಮಾಡಿ, ಕೆಳಗಿನಿಂದ ಮತ್ತೆ ಒಂದೊಂದೇ ಕೂರಿಸುತ್ತಾರೆ. ಗಾರೆಗೆ ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲ, ಅಳಲೆಕಾಯಿಯ ನೀರು. ಕಳೆದುಹೋದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು ಬಂದರೆ ಅದನ್ನು ಕೆತ್ತದೆ ಸಾದಾ ಬಿಡುತ್ತಾರೆ. ಯಾವುದು ಹಳೆಯದು, ಯಾವುದು ನಮ್ಮದು ಎಂದು ನಾಳೆ ನೋಡುವವರಿಗೆ ತಿಳಿಯಲಿ ಎಂದು. ಪುರಾತತ್ವ ಇಲಾಖೆಯ ಜಾನ್ ಮಾರ್ಷಲ್ 1923ರಲ್ಲಿ ಬರೆದ ಕೈಪಿಡಿ ಈ ನಡೆಯನ್ನು ಇಲಾಖೆಗೆ ಕಲಿಸಿತು.

ಕರ್ನಾಟಕದಲ್ಲಿ ಇಂಥ ಕೆಲಸ ಆಗಿದೆ. ತಲಕಾಡಿನಲ್ಲಿ ವಿಷ್ಣುವರ್ಧನ 1117ರ ಹೊತ್ತಿಗೆ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನು ಪುರಾತತ್ವ ಇಲಾಖೆ ಬಿಚ್ಚಿ ಜೋಡಿಸಿತು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿ, ಬರಗಾಲದಲ್ಲಿ ಮಾತ್ರ ತಲೆ ತೋರಿಸುತ್ತಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಖೋಡೆ ಪ್ರತಿಷ್ಠಾನದವರು ಕಲ್ಲುಕಲ್ಲಾಗಿ ತಂದು ಹೊಸ ಕನ್ನಂಬಾಡಿಯ ದಂಡೆಯ ಮೇಲೆ ಎಬ್ಬಿಸಿದರು. 1990ರ ದಶಕದಿಂದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಇನ್ನೂರಕ್ಕೂ ಹೆಚ್ಚು ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಸರ್ಕಾರ, ಟ್ರಸ್ಟು, ಊರವರು ಮೂವರೂ ಹಣ ಹಾಕುವುದು ಅದರ ಪದ್ಧತಿ. ಊರವರ ಪಾಲು ಚಿಕ್ಕದಾದರೂ ಅದೇ ಮುಖ್ಯವೆಂದು ನನ್ನ ಎಣಿಕೆ. ತಾನು ದುಡ್ಡು ಹಾಕಿದ ಗೋಡೆಗೆ ಯಾರೂ ಎಮ್ಮೆ ಕಟ್ಟುವುದಿಲ್ಲ.

ಟೈಲ್ಸಿನ ಜೀರ್ಣೋದ್ಧಾರ

ಇನ್ನೊಂದು ಬಗೆಯ ಜೀರ್ಣೋದ್ಧಾರವನ್ನು ಎಲ್ಲರೂ ಕಂಡಿದ್ದೇವೆ. ಊರಿನಲ್ಲಿ ಸಮಿತಿ ಆಗುತ್ತದೆ, ಮನೆಮನೆಗೆ ಪಟ್ಟಿ ಎತ್ತುತ್ತಾರೆ, ಬೆಂಗಳೂರು, ಗೋವಾಕ್ಕೆ ದುಡಿಯಲು ಹೋದವರೂ ಕಳಿಸುತ್ತಾರೆ. ಮೊದಲು ನೆಲಕ್ಕೆ ಗ್ರಾನೈಟು. ಆಮೇಲೆ ಗೋಡೆಗೆ ಎದೆಮಟ್ಟ ಟೈಲ್ಸು. ಕಂಬಕ್ಕೆ ಆಯಿಲ್ ಪೇಂಟು, ಅದೂ ಹಳದಿ, ಕೆಂಪು. ಮುಂದುಗಡೆ ಆರ್‌ಸಿಸಿ ಮಂಟಪ, ಸ್ಟೀಲಿನ ಕಟಾಂಜನ. ಹಳೆಯ ಶಿಖರ ಗಿಡ್ಡ ಎನ್ನಿಸಿದರೆ ಅದರ ಮೇಲೊಂದು ಸಿಮೆಂಟಿನ ಗೋಪುರ. ಕಳಸಾರೋಹಣಕ್ಕೆ ಸ್ವಾಮಿಗಳು, ಶಾಸಕರು. ದೇಣಿಗೆ ಕೊಟ್ಟವರ ಹೆಸರಿನ ಫಲಕ ಒಂಬೈನೂರು ವರ್ಷದ ಶಾಸನಕ್ಕಿಂತ ದೊಡ್ಡದಿರುತ್ತದೆ. ಶಾಸನದ ಕಲ್ಲನ್ನು ಅಷ್ಟರಲ್ಲಿ ಯಾರೋ ಬಟ್ಟೆ ಒಗೆಯಲು ಒಯ್ದಿರುತ್ತಾರೆ.

ಇದನ್ನು ಕಂಡು ನಗುವುದು ಸುಲಭ, ಆದರೆ ನಗಲಾರೆ. ದುಡಿದ ದುಡ್ಡನ್ನು ದೇವರಿಗೆ ತಂದು ಹಾಕುವವರ ಭಕ್ತಿಯಲ್ಲಿ ಕಪಟ ಇಲ್ಲ. ತಮ್ಮ ಮನೆಗೆ ಟೈಲ್ಸು ಹಾಕಿಸಿಕೊಂಡು ದೇವರ ಮನೆಯನ್ನು ಹಾಗೇ ಬಿಡುವುದು ಅವರಿಗೆ ನಾಚಿಕೆ. ತೊಡಕು ಇರುವುದು ಸಾಮಾನಿನಲ್ಲಿ. ಸಿಮೆಂಟು ಬಳಪದ ಕಲ್ಲಿಗಿಂತ ಬಿರುಸು, ನೀರು ಆರಗೊಡುವುದಿಲ್ಲ. ಒಳಗೆ ಸೇರಿದ ತೇವ ಉಪ್ಪು ಸಮೇತ ಕಲ್ಲಿನ ಮುಖದಿಂದಲೇ ಹೊರಬರುತ್ತದೆ, ಕೆತ್ತನೆ ಪದರು ಪದರಾಗಿ ಉದುರುತ್ತದೆ. ಆಯಿಲ್ ಪೇಂಟೂ ಅಷ್ಟೆ. ಅದನ್ನು ತೆಗೆಯಲು ಮಷೀನು ತಂದು ಮರಳು ಎರಚಿಸಿದರೆ ಪೇಂಟಿನ ಜೊತೆ ದೇವಿಯ ಮೂಗೂ ಹೋಗುತ್ತದೆ. ಹೊಸ ಗೋಪುರದ ಭಾರ ಹಳೆಯ ಗೋಡೆಗೆ ಯಾರೂ ಲೆಕ್ಕ ಹಾಕಿ ಹೊರಿಸಿದ್ದಲ್ಲ.

ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿರುವ ಗಳಗನಾಥ, ಚೌಡಯ್ಯದಾನಪುರ, ಹಾವೇರಿ, ಹರಳಹಳ್ಳಿ, ಹಾಂಗಲ್, ರಟ್ಟೀಹಳ್ಳಿಯ ಗುಡಿಗಳು ಇದರಿಂದ ಪಾರಾಗಿವೆ. ಅಲ್ಲಿ ಊರವರ ದೂರು ಬೇರೆ. ಪುರಾತನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆ ಇನ್ನೂ ಇನ್ನೂರು ಮೀಟರು ಅನುಮತಿ ಬೇಕು. ಗುಡಿಯ ಸುತ್ತಲೇ ಊರು ಬೆಳೆದಿರುವಾಗ ನೂರು ಮೀಟರು ಎಂದರೆ ಅರ್ಧ ಹಳ್ಳಿ. ಮಗನ ಮದುವೆಗೆ ಮುಂಚೆ ಒಂದು ಕೋಣೆ ಹಾಕಿಕೊಳ್ಳಲೂ ಆಗದವನಿಗೆ ಗುಡಿಯ ಮೇಲೆ ಮಮತೆ ಎಷ್ಟು ಉಳಿದೀತು? ಉಳಿದ ನೂರಾರು ಗುಡಿಗಳು ಯಾರ ಪಟ್ಟಿಯಲ್ಲೂ ಇಲ್ಲ, ಇದ್ದರೆ ಮುಜರಾಯಿ ಇಲಾಖೆಯ ಸಿ ದರ್ಜೆಯಲ್ಲಿ ಒಂದು ಹೆಸರು. ಅವಕ್ಕೆ ಕಾನೂನಿನ ಕಾಟವೂ ಇಲ್ಲ, ಕಾವಲೂ ಇಲ್ಲ.

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಇವೆರಡರ ನಡುವೆ ಮೂರನೆಯ ದಾರಿ ಹಿಡಿದ ಊರು. ಬಾಡದ ಆದಿಕೇಶವನನ್ನು ಕನಕದಾಸರು ಇಲ್ಲಿಗೆ ತಂದು ನೆಲೆಗೊಳಿಸಿದರು ಎಂಬುದು ಪ್ರತೀತಿ. ಅಂದರೆ ದೇವರೇ ಊರು ಬದಲಿಸಿದ. 1992ರಲ್ಲಿ ಕನಕ ಗುರುಪೀಠ ಆಯಿತು, ಸರ್ಕಾರ ಅಭಿವೃದ್ಧಿ ಪ್ರಾಧಿಕಾರ ಮಾಡಿತು, ಉದ್ಯಾನ ಬಂತು, ಅತ್ತ ಶಿಗ್ಗಾವಿ ಕಡೆಯ ಬಾಡದಲ್ಲಿ ಕನಕನ ಅರಮನೆ ಎಂದು ಹೊಸ ಕಟ್ಟಡವೇ ಎದ್ದಿತು. ಜನ ಬರುತ್ತಾರೆ, ಶಾಲೆಯ ಮಕ್ಕಳ ಬಸ್ಸುಗಳು ಬರುತ್ತವೆ. ಹೊಸದನ್ನು ಹೊಸದೆಂದೇ ಬೇರೆ ಜಾಗದಲ್ಲಿ ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಹಳೆಯ ಗುಡಿಗೆ ಗ್ರಾನೈಟು ಬಡಿಯುವುದಕ್ಕಿಂತ ಅದು ಎಷ್ಟೋ ವಾಸಿ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಇಂಗ್ಲೆಂಡಿನ ಹಳ್ಳಿಹಳ್ಳಿಗಳಲ್ಲಿ ಮಧ್ಯಯುಗದ ಇಗರ್ಜಿಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನವರಿಗೂ ಕೈಯಲ್ಲಿ ಹಣ ಓಡಾಡಿತು, ಜೀರ್ಣೋದ್ಧಾರದ ಹುರುಪು ಹತ್ತಿತು. ಹಳೆಯ ಸುಣ್ಣ ಕೆರೆದರು, ಶತಮಾನಗಳ ಸೇರ್ಪಡೆಗಳನ್ನು ಕಿತ್ತು, ಮೊದಲು ಹೀಗಿತ್ತು ಎಂದು ತಾವು ಭಾವಿಸಿದ ಹಾಗೆ ಮತ್ತೆ ಕಟ್ಟಿದರು. ಗಿಲ್ಬರ್ಟ್ ಸ್ಕಾಟ್ ಎಂಬ ವಾಸ್ತುಶಿಲ್ಪಿಯಂತೂ ಇದರಲ್ಲಿ ದೊಡ್ಡ ಹೆಸರು. ಅದನ್ನು ಕಂಡು ರೋಸಿದ ಕವಿ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದ. ಹಳೆಯ ಕಟ್ಟಡವನ್ನು ಹೊಸದು ಮಾಡಬೇಡಿ, ದಿನದಿನದ ಆರೈಕೆಯಿಂದ ಹಾಳಾಗದ ಹಾಗೆ ನೋಡಿಕೊಳ್ಳಿ ಎನ್ನುವುದು ಅದರ ವಾದ. ಆ ಸಂಘ ಇಂದಿಗೂ ಇದೆ. ಜಪಾನಿನ ಇಸೆಯಲ್ಲಿ ಇದಕ್ಕೆ ತದ್ವಿರುದ್ಧ: ಇಪ್ಪತ್ತು ವರ್ಷಕ್ಕೊಮ್ಮೆ ಮರದ ದೇಗುಲವನ್ನು ಪಕ್ಕದ ಜಾಗದಲ್ಲಿ ಹೊಚ್ಚಹೊಸದಾಗಿ ಕಟ್ಟುತ್ತಾರೆ, ಕೊನೆಯದು 2013ರಲ್ಲಿ ಆಯಿತು. ಮರಕ್ಕೆ ಅದು ಸರಿ, ಕಟ್ಟುವ ಕೈಗಳೂ ಅದರಿಂದ ಕೆಲಸ ಮರೆಯುವುದಿಲ್ಲ. ಬಳಪದ ಕಲ್ಲಿಗೆ ಮಾರಿಸನ ದಾರಿಯೇ ಹೊಂದುತ್ತದೆ. ಚಾಲುಕ್ಯರ ಕಾಲದವರು ಅದಕ್ಕೆ ಹೊಲ ಬಿಟ್ಟು ಎಂಟು ನೂರು ವರ್ಷವಾದ ಮೇಲೆ ಮಾರಿಸ್ ಅದನ್ನು ವಾದ ಮಾಡಿ ಹೇಳಬೇಕಾಯಿತು.

ಹಳೆಯ ಫೋಟೊಗಳನ್ನು ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. 1850ರ ದಶಕದಲ್ಲಿ ಬ್ರಿಟಿಷ್ ಸೇನೆಯ ಡಾ. ಪಿಗೌ, ಬಿಗ್ಸ್ ಮೊದಲಾದವರು ದೊಡ್ಡ ಕ್ಯಾಮೆರಾ ಹೊತ್ತು ಧಾರವಾಡ ಸೀಮೆಯ ಗುಡಿಗಳ ಚಿತ್ರ ತೆಗೆದರು. 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರವಣಿಗೆಯೊಂದಿಗೆ ಅವು ಲಂಡನ್ನಿನಲ್ಲಿ ಪುಸ್ತಕವಾದವು. ಹೆನ್ರಿ ಕಸಿನ್ಸರ ದೊಡ್ಡ ಪುಸ್ತಕ ಬಂದದ್ದು 1926ರಲ್ಲಿ. ಇವುಗಳ ಚಿತ್ರಗಳನ್ನು ಇಂದಿನ ಗುಡಿಯ ಎದುರು ಹಿಡಿದು ನೋಡಿದರೆ ಯಾವ ಮೂಲೆ ಜರುಗಿದೆ, ಯಾವ ಕಲ್ಲು ಹೋಗಿದೆ ಎಂದು ಬೆರಳಿಟ್ಟು ತೋರಿಸಬಹುದು. ನಮ್ಮ ಊರಿನ ಹುಡುಗರ ಜೇಬಿನಲ್ಲಿ ಇಂದು ಪಿಗೌನ ಕ್ಯಾಮೆರಾಕ್ಕಿಂತ ಒಳ್ಳೆಯ ಕ್ಯಾಮೆರಾ ಇದೆ. ಪ್ರತಿ ವರ್ಷ ಒಂದೇ ದಿನ, ಒಂದೇ ಜಾಗದಲ್ಲಿ ನಿಂತು ಗುಡಿಯ ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟರೆ ಹತ್ತು ವರ್ಷಕ್ಕೆ ಯಾವ ಎಂಜಿನಿಯರನೂ ಕೊಡಲಾರದ ದಾಖಲೆ ಆಗುತ್ತದೆ.

ಜಾತ್ರೆಯ ಲೆಕ್ಕದ ಪುಸ್ತಕ ತೆರೆದು ನೋಡಿ. ಪೆಂಡಾಲಿಗೆ ಒಂದು ಸಾಲು, ಮೈಕಿಗೆ ಒಂದು, ದಾಸೋಹದ ಗೋಧಿ, ಬೆಲ್ಲಕ್ಕೆ ಒಂದು, ಡೊಳ್ಳಿನವರಿಗೆ ಒಂದು, ನಾಟಕದ ಸೀನರಿಗೆ ಒಂದು, ಪಟಾಕಿಗೆ ಒಂದು. ಇದೇ ಪುಸ್ತಕದಲ್ಲಿ ರೋಹಿಣಿ ಮಳೆಗೆ ಮುಂಚೆ ಇಬ್ಬರು ಆಳು ಮಾಳಿಗೆ ಹತ್ತಿ ಸಸಿ ಕಿತ್ತು, ನೀರು ಹೋಗುವ ದೋಣಿ ಬಿಡಿಸಿ, ಬುಡದ ಸುತ್ತ ಗಟಾರ ತೋಡುವ ಎರಡು ದಿನದ ಪಗಾರಕ್ಕೆ ಇನ್ನೊಂದು ಸಾಲು ಬರೆಯಬೇಕು. ಸಂರಕ್ಷಿತ ಗುಡಿಯಾದರೆ ಧಾರವಾಡದ ಪುರಾತತ್ವ ಕಚೇರಿಗೆ ಒಂದು ಅರ್ಜಿ ಹಾಕಿ, ಅವರ ಆಳುಗಳನ್ನೇ ಮಾಳಿಗೆ ಹತ್ತಿಸಬೇಕು. ಉಳಿದ ಗುಡಿಗಳಿಗೆ ಅರ್ಜಿಯೂ ಬೇಡ, ಏಣಿ ಸಾಕು.